ಬಿಜೈ: ಹಲವು ಮಳೆಗಾಲ ಕಳೆದ ಮೇಲೆ ಬರೆದ ವಿಮರ್ಶೆ

ಮಂಗಳೂರಿನ ಬಿಜೈಯಲ್ಲಿ ಮನೆ ಹುಡುಕುವವರು ಬಾಡಿಗೆ ವಿಚಾರಿಸುವ ಮೊದಲು ಜಾಗದ ಹೆಸರು ವಿಚಾರಿಸಬೇಕು. ತುಳುವಿನಲ್ಲಿ ಪದವು, ಗುಡ್ಡೆ ಎಂದರೆ ಎತ್ತರ. ಬೈಲು, ಕಂಬಳ ಎಂದರೆ ಗದ್ದೆಯಿದ್ದ ತಗ್ಗು. ಪಕ್ಕದ ಕದ್ರಿ ಕಂಬಳದಲ್ಲಿ, ಕೊಡಿಯಾಲ್‌ಬೈಲಿನಲ್ಲಿ ಗದ್ದೆ ಹೋಗಿ ಫ್ಲ್ಯಾಟು ಬಂತು. ಗುಡ್ಡದ ನೀರು ಇಳಿಯುವುದು ಮಾತ್ರ ತಗ್ಗಿಗೇ. ಮೇಲಿನ ಮನೆಗಳ ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಕಿದ್ದರಿಂದ ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲಿನ) ನೆಲಕ್ಕೆ ಇಂಗುವ ನೀರೂ ಈಗ ಚರಂಡಿಗೇ ಬರುತ್ತದೆ.

ಕಾಂಪೌಂಡಿನ ಒಳಬದಿಯಲ್ಲಿ ಮೊಣಕಾಲೆತ್ತರಕ್ಕೆ ಅಡ್ಡಲಾಗಿ ಕೆಂಪು ಗೆರೆ ಕಂಡರೆ ಅದು ಕೆಸರು ನೀರು ನಿಂತ ಗುರುತು. ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಇದ್ದರೆ ಇಳಿಜಾರಿನ ಬಾಯಲ್ಲಿ ಉಬ್ಬು ಇದೆಯೇ, ಪಂಪಿಗೆ ಜನರೇಟರ್ ಸಂಪರ್ಕ ಇದೆಯೇ ನೋಡಿ. ಮಳೆ ಜೋರಾದಾಗಲೇ ಕರೆಂಟು ಹೋಗುವುದು, ಮಾರಾಯ್ರೆ!

ಇಷ್ಟು ಮಳೆ ಬೀಳುವ ಊರಲ್ಲಿ ಬೇಸಿಗೆಗೆ ನೀರಿಲ್ಲ. ಪಾಲಿಕೆಯ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಹೊಳೆಯ ಒಳಹರಿವು ನಿಂತರೆ ಸರದಿಯಲ್ಲಿ ನೀರು ಬಿಡುವುದು ಶುರು. 2019ರಲ್ಲೂ 2023ರಲ್ಲೂ ಹಾಗೇ ಆಯಿತು. ಹಾಗಾಗಿ ಬಾವಿ ಇರುವ ಮನೆಗೆ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಆದರೆ ಬಾವಿಗೂ ಶೌಚಾಲಯದ ಇಂಗುಗುಂಡಿಗೂ 15 ಮೀಟರ್‌ ಆದರೂ ಅಂತರ ಬೇಕು. ಮುರಕಲ್ಲಿನ ಬಾವಿನೀರಿನಲ್ಲಿ ಆಮ್ಲದ ಗುಣ ಇರುವುದುಂಟು. ಹಿತ್ತಾಳೆ ನಲ್ಲಿಯ ಬುಡದಲ್ಲಿ ಹಸಿರು ಕಲೆ ಕಂಡರೆ ಅನುಮಾನಿಸಿ, ನೀರು ಪರೀಕ್ಷೆ ಮಾಡಿಸಿ. ಅಂಥ ನೀರಿಗೆ ಜಿಐ (ಸತು ಲೇಪದ ಕಬ್ಬಿಣ) ಪೈಪು ಒಳಗಿಂದಲೇ ಸವೆದು ತೂತಾಗುತ್ತದೆ. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಆದರೆ ಆ ಚಿಂತೆಯಿಲ್ಲ.

ಇಲ್ಲಿ ಮಳೆ ಹೊಡೆಯುವುದು ಪಡುವಣ ಮತ್ತು ನೈಋತ್ಯದಿಂದ. ಆ ಬದಿಯ ಗೋಡೆಗೆ ಕಪಾಟು ತಾಗಿಸಿಟ್ಟರೆ ಆಗಸ್ಟ್ ಹೊತ್ತಿಗೆ ಬಟ್ಟೆಗೆಲ್ಲ ಬೂಷ್ಟು; ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಮೇಲಿನ ಮಹಡಿಯಾದರೆ ತಾರಸಿಯ ಮೇಲೆ ಶೀಟು ಇರಲೇಬೇಕು. ಸೋರಿಕೆ ತಪ್ಪುತ್ತದೆ, ಬಟ್ಟೆ ಒಣಗಿಸಲೂ ಅದೇ ಜಾಗ. ಮನೆ ನೋಡುವುದು ಜುಲೈಯಲ್ಲಿ. ಡಿಸೆಂಬರಿನಲ್ಲಿ ಹೊಸ ಪೇಂಟಿನಡಿ ಏನಿದೆಯೆಂದು ತಿಳಿಯದು.

ದಿನಬಳಕೆಗೆ ಕೊರತೆಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವಾಗ ಬಂಗುಡೆ, ಬೂತಾಯಿ ಮೀನಿಗೂ ಬೆಲೆ ಏರುತ್ತದೆ, ಅದು ಇಡೀ ಕರಾವಳಿಯ ಪಾಡು.

ಓಡಾಟಕ್ಕೆ ಅನುಕೂಲ, ಒಂದು ಗೊಂದಲ ಬಿಟ್ಟರೆ. ಕೆಎಸ್ಸಾರ್ಟಿಸಿ ನಿಲ್ದಾಣ ಬಿಜೈಯಲ್ಲೇ ಇದೆ, ಬೆಂಗಳೂರಿನ ಬಸ್ಸು ಹತ್ತಲು ಸುಲಭ. ಆದರೆ ಖಾಸಗಿ ಸಿಟಿ ಬಸ್ಸು, ಸರ್ವಿಸ್ ಬಸ್ಸುಗಳು ಹೊರಡುವುದು ಸ್ಟೇಟ್‌ಬ್ಯಾಂಕ್ ಎಂಬ ಬೇರೆ ನಿಲ್ದಾಣದಿಂದ. ಹೊಸಬರು ಕೆಎಸ್ಸಾರ್ಟಿಸಿ ನಿಲ್ದಾಣದೊಳಗೆ ಕಾದು ಕೂತಿರುತ್ತಾರೆ, ಸಿಟಿ ಬಸ್ಸು ಹೊರಗಿನ ರಸ್ತೆಯಲ್ಲಿ ಹೋಗಿಬಿಡುತ್ತದೆ. ವಿಮಾನ ನಿಲ್ದಾಣಕ್ಕೆ ಕೆಪಿಟಿ, ಯೆಯ್ಯಾಡಿ, ಬೋಂದೆಲ್ ದಾರಿ. ಸಂಜೆ ಕೆಪಿಟಿ ಜಂಕ್ಷನ್ನಿನಲ್ಲಿ ವಾಹನ ತೆವಳುವ ಕಾರಣ ಅರ್ಧ ಗಂಟೆ ಮುಂಚೆ ಹೊರಡಿ. ಜನವರಿಯ ಕದ್ರಿ ಜಾತ್ರೆಯ ದಿನಗಳಲ್ಲಿ ಇನ್ನೂ ಬೇಗ.

ನನ್ನ ಅಂಕ ಐದಕ್ಕೆ ನಾಲ್ಕು. ತಗ್ಗಿನ ಮನೆಯಾದರೆ ಎರಡೂವರೆ.