ಡಾಯ್ಚೆ ವೆಲೆಯ ಜರ್ಮನ್ ಪಾಠಗಳು ತರಗತಿಗೆ ಎಷ್ಟು ಒದಗುತ್ತವೆ?

ವಿದೇಶಿ ಭಾಷೆ ಕಲಿಸುವವರಿಗೆ ಪಠ್ಯಪುಸ್ತಕದ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಆ ಭಾಷೆಯನ್ನು ನಿತ್ಯ ಬಳಸುವವರ ದನಿಯನ್ನು ತರಗತಿಯೊಳಕ್ಕೆ ತರುವುದೇ ನಿಜವಾದ ತೊಡಕು. ಜರ್ಮನ್ ಶಿಕ್ಷಕರ ಮಟ್ಟಿಗೆ ಈ ಕೊರತೆಯನ್ನು ಬಹುಪಾಲು ನೀಗಿಸುವುದು ಜರ್ಮನಿಯ ಅಂತರರಾಷ್ಟ್ರೀಯ ಪ್ರಸಾರ ಸಂಸ್ಥೆಯಾದ ಡಾಯ್ಚೆ ವೆಲೆಯ ಭಾಷಾ ಕಲಿಕೆ ವಿಭಾಗ. 1953ರಲ್ಲಿ ಆರಂಭವಾದ ಈ ಸಂಸ್ಥೆ ಅಲ್ಲಿನ ತೆರಿಗೆಯ ಹಣದಿಂದ ನಡೆಯುವುದರಿಂದ ಪಾಠಗಳೆಲ್ಲ ಉಚಿತವಾಗಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಕುಳಿತು ಕಲಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಂಥವು. ಆದ್ದರಿಂದ ಶಿಕ್ಷಕರು ಇವನ್ನು ಇದ್ದ ಹಾಗೆಯೇ ಬಡಿಸದೆ, ಬಿಡಿಸಿ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಹೆಸರಾದದ್ದು ‘ನಿಕೋಸ್ ವೇಗ್’ ಎಂಬ ದೃಶ್ಯಸರಣಿ. ಸ್ಪೇನಿನಿಂದ ಜರ್ಮನಿಗೆ ಬಂದಿಳಿಯುವ ನಿಕೋ ಎಂಬ ಯುವಕ ಬಂದ ದಿನವೇ ತನ್ನ ಬ್ಯಾಗನ್ನು ಕಳೆದುಕೊಳ್ಳುತ್ತಾನೆ, ಕಥೆ ಅಲ್ಲಿಂದ ಬೆಳೆಯುತ್ತದೆ. ಯುರೋಪಿನ ಭಾಷಾ ಚೌಕಟ್ಟು 2001ರಲ್ಲಿ ಗೊತ್ತುಪಡಿಸಿದ ಆರು ಹಂತಗಳ ಪೈಕಿ ಎ1, ಎ2 ಮತ್ತು ಬಿ1 ಎಂಬ ಮೊದಲ ಮೂರನ್ನು ಈ ಸರಣಿ ಒಳಗೊಂಡಿದೆ. ಕೆಲವೇ ನಿಮಿಷಗಳ ದೃಶ್ಯ, ಅದರ ಬೆನ್ನಿಗೆ ಪದಪಟ್ಟಿ, ವ್ಯಾಕರಣದ ಟಿಪ್ಪಣಿ, ಅಭ್ಯಾಸಗಳು ಎಂಬ ಕ್ರಮದಲ್ಲಿ ಪಾಠಗಳು ಸಾಗುತ್ತವೆ. ದೃಶ್ಯಗಳು ಚೆನ್ನಾಗಿವೆ, ನಟರ ಉಚ್ಚಾರ ಸ್ಪಷ್ಟವಾಗಿದ್ದರೂ ಪಾಠ ಒಪ್ಪಿಸುವ ಧಾಟಿ ಇಲ್ಲ. ಅಭ್ಯಾಸಗಳ ಬಗ್ಗೆ ಮಾತ್ರ ಇಷ್ಟು ಉತ್ಸಾಹದಿಂದ ಹೇಳಲಾರೆ. ಹೊಂದಿಸಿ ಬರೆಯುವುದು, ಬಿಟ್ಟ ಸ್ಥಳ ತುಂಬುವುದು, ಸರಿಯುತ್ತರವನ್ನು ಆರಿಸುವುದು ಮುಂತಾದವುಗಳನ್ನು ಯಂತ್ರವೇ ತಿದ್ದಬಲ್ಲದಾದರೂ, ಇವುಗಳಿಂದ ಕಲಿಯುವವರ ಬಾಯಿ ತೆರೆಯುವುದಿಲ್ಲ.

ಹಾಗಾಗಿ ನಾನು ದೃಶ್ಯವನ್ನು ಉಳಿಸಿಕೊಂಡು ಅಭ್ಯಾಸಗಳನ್ನು ಮನೆಗೆಲಸಕ್ಕೆ ಬಿಡುತ್ತೇನೆ. ಮೊದಲ ಸಲ ದನಿಯನ್ನು ಪೂರ್ತಿ ಅಡಗಿಸಿ ದೃಶ್ಯವನ್ನಷ್ಟೇ ತೋರಿಸಿ, ಪಾತ್ರಗಳು ಏನು ಹೇಳುತ್ತಿರಬಹುದೆಂದು ಜೋಡಿಗಳಲ್ಲಿ ಬರೆಸಿ, ಬಳಿಕ ದನಿಯೊಂದಿಗೆ ತೋರಿಸಿದರೆ ತಮ್ಮ ಊಹೆ ಸರಿಯೇ ತಪ್ಪೇ ಎಂದು ತಿಳಿಯುವ ಆಸೆಯಿಂದ ವಿದ್ಯಾರ್ಥಿಗಳು ಕಿವಿಗೊಟ್ಟು ಕೇಳುತ್ತಾರೆ. ಕಳೆದುಹೋದ ಬ್ಯಾಗಿನ ಪ್ರಸಂಗವೂ ಹೀಗೆಯೇ ಒದಗುತ್ತದೆ: ಒಬ್ಬರು ದೂರು ಕೊಡುವವರಾಗಿ, ಇನ್ನೊಬ್ಬರು ದೂರು ಬರೆದುಕೊಳ್ಳುವವರಾಗಿ, ಅದರ ಬಣ್ಣವೇನು, ಒಳಗೆ ಏನೇನಿತ್ತು ಎಂದು ಮಾತನಾಡಿದರೆ ನಾಮಪದಗಳ ಲಿಂಗ ಮತ್ತು ದ್ವಿತೀಯಾ ವಿಭಕ್ತಿಯ ರೂಪಗಳನ್ನು ಬಾಯಿಪಾಠ ಮಾಡಿಸದೆಯೇ ರೂಢಿ ಮಾಡಿಸಬಹುದು.

ನನ್ನ ಮಟ್ಟಿಗೆ ಈ ವಿಭಾಗದ ಅತ್ಯುತ್ತಮ ಸಾಮಗ್ರಿ ನಿಕೋನ ಕಥೆಯಲ್ಲ, ಸೋಮವಾರದಿಂದ ಶನಿವಾರದವರೆಗೆ ಪ್ರಕಟವಾಗುವ ‘ನಿಧಾನವಾಗಿ ಓದಿದ ಸುದ್ದಿ’. ಆಯಾ ದಿನದ ಸುದ್ದಿಯನ್ನು ನಿಧಾನಗತಿಯಲ್ಲಿ ಓದಿ ಧ್ವನಿಯ ಜೊತೆಗೆ ಪಠ್ಯವನ್ನೂ ಕೊಡುತ್ತಾರೆ. ಇಲ್ಲಿ ಹೊಸ ಶಿಕ್ಷಕರು ಎಡವುವುದುಂಟು: ನಿಧಾನವಾಗಿದೆಯೆಂದ ಮಾತ್ರಕ್ಕೆ ಇದು ಸುಲಭವಲ್ಲ. ಫ್ರಾನ್ಸಿನ ಆರ್‌ಎಫ್‌ಐ ಬಾನುಲಿಯು ಪ್ರತಿದಿನ ಹತ್ತು ನಿಮಿಷ ಪ್ರಸಾರ ಮಾಡುವ ‘ಸುಲಭ ಫ್ರೆಂಚ್‌ನಲ್ಲಿ ವಾರ್ತೆ’ಯಲ್ಲಿ ಭಾಷೆಯನ್ನೇ ಸರಳಗೊಳಿಸಿ, ಘಟನೆಯ ಹಿನ್ನೆಲೆಯನ್ನೂ ವಿವರಿಸುತ್ತಾರೆ. ಡಾಯ್ಚೆ ವೆಲೆ ಬದಲಿಸುವುದು ವೇಗವನ್ನು ಮಾತ್ರ; ವಾಕ್ಯಗಳಲ್ಲಿ ಸುದ್ದಿಮನೆಯ ಬಿಗಿ ಹಾಗೆಯೇ ಉಳಿದಿರುತ್ತದೆ. ಬಿ2 ಹಂತಕ್ಕಿಂತ ಕೆಳಗಿನವರಿಗೆ ಇದನ್ನು ಇಡಿಯಾಗಿ ಕೇಳಿಸಿದರೆ ಅವರು ಕಂಗಾಲಾಗುತ್ತಾರೆ.

ಆದರೆ ಕನ್ನಡ ಬಲ್ಲವರಿಗೆ ಆ ಬಿಗಿಯಲ್ಲೇ ಒಂದು ಅನುಕೂಲವಿದೆ. ಜರ್ಮನ್‌ನ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷ್ ಮೂಲಕ ಕಲಿಸುವ ಪುಸ್ತಕಗಳು ಇದನ್ನು ವಿಚಿತ್ರವೆಂಬಂತೆ ಬಣ್ಣಿಸಿದರೂ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ನಮಗೆ ಹೊಸದೇನಲ್ಲ. ಧ್ವನಿಯನ್ನು ಕ್ರಿಯಾಪದಕ್ಕೆ ಮೊದಲೇ ನಿಲ್ಲಿಸಿ ಮುಂದೆ ಏನು ಬರಬಹುದೆಂದು ಕೇಳುವುದು ನನ್ನ ತರಗತಿಯ ಮೆಚ್ಚಿನ ಆಟ. ಮುಖ್ಯ ವಾಕ್ಯದಲ್ಲೂ ಕೆಲವು ಕ್ರಿಯಾಪದಗಳ ಒಂದು ತುಂಡು ಕೊನೆಗೆ ಬರುತ್ತದೆ: ‘ಟೈಲ್ಟೆ’ ಎಂದು ಶುರುವಾದ ವಾಕ್ಯದ ತುದಿಯಲ್ಲಿ ‘ಮಿಟ್’ ಬಂದರೆ ಅದರ ಅರ್ಥ ‘ಹಂಚಿದರು’ ಎಂದಲ್ಲ, ‘ತಿಳಿಸಿದರು’ ಎಂದು. ಆ ಕಿರುಪದಕ್ಕಾಗಿ ಕಾಯುವ ಅಭ್ಯಾಸ ಈ ಆಟದಿಂದ ಬೆಳೆಯುತ್ತದೆ. ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಸುದ್ದಿಯ ಜರ್ಮನ್ ‘ಇಸ್ಟ್’ (ಇದೆ) ಎನ್ನದೆ ಅದೇ ಕ್ರಿಯಾಪದದ ಇನ್ನೊಂದು ರೂಪವಾದ ‘ಜೈ’ ಎನ್ನುತ್ತದೆ: ಹೇಳಿದ್ದು ಅವರು, ಅದರ ಸತ್ಯಾಸತ್ಯಕ್ಕೆ ವರದಿಗಾರ ಹೊಣೆಯಲ್ಲ ಎಂಬ ಸೂಚನೆ ಅದರಲ್ಲಿದೆ. ಈ ರೂಪದ ವ್ಯಾಕರಣ ವಿವರಣೆಗೆ ಪುಸ್ತಕಗಳು ಪುಟಗಟ್ಟಲೆ ತೆಗೆದುಕೊಳ್ಳುತ್ತವೆ. ‘ಅವರು ಬರುತ್ತಾರಂತೆ’ ಎಂಬಲ್ಲಿಯ ‘ಅಂತೆ’ಯನ್ನು ನೆನಪಿಸಿದರೆ ಅರ್ಧ ಕೆಲಸ ಮುಗಿದಂತೆ. ಎರಡೂ ಪೂರ್ತಿ ಒಂದೇ ಅಲ್ಲವೆಂಬುದನ್ನು ಆಮೇಲೆ ತಿಳಿಸಿದರಾಯಿತು.

ಇದೇ ಸುದ್ದಿಯಿಂದ ಉಕ್ತಲೇಖನಕ್ಕಿಂತ ಹೆಚ್ಚು ಫಲ ಕೊಡುವ ಇನ್ನೊಂದು ಕೆಲಸವನ್ನೂ ಮಾಡಿಸಬಹುದು. ಒಂದೇ ಸುದ್ದಿಯನ್ನು ಎರಡು ಸಲ ಕೇಳಿಸಿ, ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಳ್ಳಲು ಹೇಳಿ, ಮೂವರು ಕೂಡಿ ಇಡೀ ಸುದ್ದಿಯನ್ನು ಮರಳಿ ಕಟ್ಟುವಂತೆ ಮಾಡಿದರೆ, ಯಾವ ವಿಭಕ್ತಿ ಹೊಂದುತ್ತದೆಂಬ ಚರ್ಚೆ ಅವರಲ್ಲೇ ಹುಟ್ಟುತ್ತದೆ. ಕೊನೆಗೆ ಮೂಲ ಪಠ್ಯವನ್ನು ಎದುರಿಗಿಟ್ಟು ತಾಳೆ ನೋಡಿಸಬಹುದು. ಪಠ್ಯವನ್ನು ಮೊದಲೇ ತೆರೆದಿಟ್ಟರೆ ಮಾತ್ರ ಕೇಳುವ ಪಾಠ ಓದುವ ಪಾಠವಾಗಿಬಿಡುತ್ತದೆ.

ಬಿ1 ಹಂತಕ್ಕೆ ಪದಕೋಶ ಸಹಿತವಾಗಿ ಬರುವ ‘ಟಾಪ್ ಥೀಮಾ’ ಲೇಖನಗಳು ಸಾಕಷ್ಟು ಉಪಯುಕ್ತ. ಬಿಡುವಿಲ್ಲದ ವಾರಗಳಲ್ಲಿ ಸಿದ್ಧ ಪಾಠವಾಗಿ ಕೈಹಿಡಿಯುತ್ತವೆ. ಮ್ಯೂನಿಕ್‌ನ ವಾದ್ಯತಂಡವೊಂದರ ಹಾಡುಗಳ ಸರಣಿಯೂ ಇದೆ. ಎಳೆಯರಿಗೆ ಹಿಡಿಸುತ್ತದೆ, ವಯಸ್ಕರ ತರಗತಿಯಲ್ಲಿ ನಾನು ಅದನ್ನು ಬಳಸುವುದು ಕಡಿಮೆ.

ಈ ಸಾಮಗ್ರಿಯಲ್ಲಿ ಸಿಗದಿರುವುದು ಬರೆವಣಿಗೆಯನ್ನು ತಿದ್ದುವ ಕೈ ಮತ್ತು ಮಾತಿಗೆ ಮಾತು ಕೊಡುವ ಜೊತೆಗಾರ. ವಿದ್ಯಾರ್ಥಿ ಒಂದು ಪುಟ ಬರೆದರೆ ಅದನ್ನು ಓದಬೇಕಾದವರು ಶಿಕ್ಷಕರೇ. ಇನ್ನೊಂದು ಮಾತು: ಕನ್ನಡದಲ್ಲಿಲ್ಲದ, ü ಮತ್ತು ö ಎಂದು ಬರೆಯುವ ಜರ್ಮನ್ ಸ್ವರಗಳನ್ನು ಕೇಳಿಸಿಕೊಂಡು ಮಾತ್ರ ಕಲಿಯುವುದು ಕಷ್ಟ, ಮೊದಲನೆಯದಕ್ಕೆ ‘ಈ’, ಎರಡನೆಯದಕ್ಕೆ ‘ಏ’ ಎನ್ನುತ್ತ ನಾಲಗೆಯನ್ನು ಅಲುಗಿಸದೆ ತುಟಿಗಳನ್ನಷ್ಟೇ ದುಂಡಗೆ ಮಾಡಿರೆಂದು ಎದುರಿಗೆ ನಿಂತು ತೋರಿಸಬೇಕು. ಆದ್ದರಿಂದ ಎ1 ತರಗತಿಯಲ್ಲಿ ನಿಕೋನನ್ನು ಪರಿಚಯಿಸುವ ಮೊದಲು ಎರಡು ಮೂರು ಅವಧಿಗಳನ್ನು ಬರೀ ಸ್ವರಗಳಿಗೆ ಮೀಸಲಿಡುತ್ತೇನೆ.