ಆರ್‌ಸಿ ಕಾರಿಗೆ ‘ಕೈಯಲ್ಲೇ ಮಾಡಿದ’ ಲೈಟ್ ಕಿಟ್ ತಗೊಳ್ಳೋ ಮುಂಚೆ ಸ್ಲೀವ್ ಒಳಗೆ ಏನಿದೆ ನೋಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಡಿಪ್ಲೊಮಾದಲ್ಲಿ ಓದಿದ್ದು ಎಲೆಕ್ಟ್ರಾನಿಕ್ಸ್. ನಗೋದಿದ್ದರೆ ಪೂರ್ತಿ ಓದಿ ನಗಿ. 1,800 ರೂಪಾಯಿ ಕೊಟ್ಟು ನಾಮ ಹಾಕಿಸಿಕೊಂಡಿದ್ದೇನೆ. ಅದರ ಹಿಂದೆಯೇ 3,200 ರೂಪಾಯಿಯ ಬ್ಯಾಟರಿಯೂ ಹೋಯಿತು.

ನನ್ನ ಹತ್ತಿರ 1:10 ಸೈಜಿನ (ನಿಜವಾದ ಗಾಡಿಯ ಹತ್ತನೇ ಒಂದು ಭಾಗ) ಒಂದು ಆರ್‌ಸಿ, ಅಂದರೆ ರಿಮೋಟಿನಲ್ಲಿ ಓಡಿಸುವ ಜೀಪ್ ಇದೆ. ಸಂಜೆ ಹೊತ್ತು ಟೆರೇಸ್ ಮೇಲೆ ಓಡಿಸೋಕೆ ಹೆಡ್‌ಲೈಟ್ ಇದ್ದರೆ ಚೆನ್ನಾಗಿರುತ್ತದೆ ಅಂತ ಆಸೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡಿಗೆ ಹೋಗಿದ್ದರೆ ಎಲ್‌ಇಡಿ, ವಯರು, ವಯರಿನ ಜೋಡಣೆ ಮುಚ್ಚುವ ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ಎಲ್ಲ ಸೇರಿ ನೂರಿನ್ನೂರರಲ್ಲಿ ಮುಗಿಯುತ್ತಿತ್ತು. ಆದರೆ ನನಗೆ ರಜಾ ಭಾನುವಾರ, ಎಸ್.ಪಿ. ರೋಡಿಗೂ ರಜಾ ಭಾನುವಾರವೇ. ವಾಟ್ಸಾಪ್ ಗ್ರೂಪಿನಲ್ಲಿ ಕಂಡ ಒಬ್ಬ ಹುಡುಗನಿಗೆ ಮೆಸೇಜ್ ಮಾಡಿದೆ. “ಎಲ್ಲ ನಾನೇ ಕೈಯಲ್ಲಿ ಮಾಡೋದು ಸಾರ್, ಚೈನಾ ಮಾಲ್ ಅಲ್ಲ” ಅಂದ. ಮುಂದಕ್ಕೆ ನಾಲ್ಕು ಬಿಳಿ, ಹಿಂದಕ್ಕೆ ಎರಡು ಕೆಂಪು. ಅರ್ಧ ಅಡ್ವಾನ್ಸ್ ಕೇಳಿದ, ಕಳಿಸಿದೆ. ಇವೆಲ್ಲ ನಡೆಯೋದೇ ಹಾಗೆ ಅಲ್ವಾ?

ವಿಜಯನಗರ ಮೆಟ್ರೋ ಸ್ಟೇಷನ್ ಕೆಳಗೆ ಕೈಗೆ ಕೊಟ್ಟ. ಎಲ್‌ಇಡಿಗೆ ಜಾಸ್ತಿ ಕರೆಂಟ್ ಹೋಗದ ಹಾಗೆ ತಡೆಯೋದು ರೆಸಿಸ್ಟರ್. ಅಲ್ಲೇ ನಿಂತು ಕೇಳಿದೆ, “ರೆಸಿಸ್ಟರ್ ಹಾಕಿದ್ದೀರಾ?” “ಅಯ್ಯೋ, ಹಾಕದೆ ಇರ್ತೀನಾ ಸಾರ್? ಸ್ಲೀವ್ ಒಳಗಿದೆ.” ಬೆರಳಲ್ಲಿ ಒತ್ತಿ ನೋಡಿದೆ. ಪ್ರತಿ ಬಿಳಿ ಲೈಟಿನ ವಯರಿನಲ್ಲೂ ಕಪ್ಪು ಸ್ಲೀವ್ ಕೆಳಗೆ ಕಡಲೆಬೇಳೆಯಷ್ಟು ಉಬ್ಬು. ಗಟ್ಟಿಯಾಗಿಯೇ ಇತ್ತು. ಆ ಉಬ್ಬು ಮುಟ್ಟಿ ನೋಡಿ ಉಳಿದ ದುಡ್ಡು ಕೊಟ್ಟೆ.

ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಖಾಲಿ ಚಾನೆಲಿಗೆ ಹಾಕೋದಲ್ವಾ ಅಂತ ಕೇಳಿದ್ದಕ್ಕೆ, “ಬೇಡ ಸಾರ್, ಬ್ಯಾಟರಿಯ ಬ್ಯಾಲೆನ್ಸ್ ವಯರಿಗೇ ಹಾಕಿ, ಬೆಳಕು ಜಾಸ್ತಿ” ಅಂದ. ಬ್ಯಾಲೆನ್ಸ್ ವಯರು ಅಂದರೆ ಚಾರ್ಜ್ ಮಾಡುವಾಗ ಸೆಲ್ಲುಗಳನ್ನು ಸಮ ಮಾಡೋಕೆ ಇರುವ ಸಣ್ಣ ವಯರು. ನನ್ನ ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಒಂದೇ ಸೆಲ್ಲಿನಿಂದ ಕರೆಂಟ್ ಎಳೆಯುವ ಹಾಗೆ ಪಿನ್ ಕೂರಿಸಿದ್ದ. ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬೆಳಕೇನೋ ಬಂತು. ಕಣ್ಣು ಕುಕ್ಕುವ ಬೆಳಕು. ಪಕ್ಕದ ಮನೆ ಮಕ್ಕಳೆಲ್ಲ ಟೆರೇಸಿಗೆ ಬಂದವು. ಅರ್ಧ ಗಂಟೆ ಓಡಿಸಿರಬಹುದು, ಮಳೆ ಶುರುವಾಯಿತು. ಸ್ವಿಚ್ ಆಫ್ ಮಾಡಿ, ಜೀಪನ್ನು ಬ್ಯಾಗಿಗೆ ತುರುಕಿ ಕೆಳಗೆ ಓಡಿದೆ. ಬ್ಯಾಟರಿ ಬಿಚ್ಚಿಡಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಕಾರಿನ ಸ್ವಿಚ್ ಆಫ್ ಮಾಡಿದರೆ ಈ ಲೈಟ್ ಆರೋದೇ ಇಲ್ಲ ಅಂತ ಅವನು ಒಂದು ಮಾತು ಹೇಳಬೇಕಿತ್ತು ಅಲ್ವಾ? ಬ್ಯಾಟರಿ ಇಳಿದಾಗ ಓಟ ನಿಲ್ಲಿಸೋದು ಇಎಸ್‌ಸಿ, ಅಂದರೆ ಮೋಟಾರಿನ ವೇಗ ನೋಡಿಕೊಳ್ಳುವ ಸರ್ಕ್ಯೂಟ್. ಬ್ಯಾಲೆನ್ಸ್ ವಯರಿನಿಂದ ಎಳೆದ ಲೈಟಿಗೆ ಆ ಕಾವಲೇ ಇಲ್ಲ. “ರಾತ್ರಿ ಬ್ಯಾಗೊಳಗಿಂದ ಬೆಳಕು ಬರ್ತಿತ್ತು ರೀ, ಚೆನ್ನಾಗಿ ಕಾಣ್ತಿತ್ತು ಅಂತ ಸುಮ್ನಿದ್ದೆ” ಅಂತ ನನ್ನ ಹೆಂಡತಿ ಈಗ ಹೇಳುತ್ತಾಳೆ.

ಬುಧವಾರ ಬ್ಯಾಗ್ ತೆಗೆದರೆ ಬ್ಯಾಟರಿ ಒಂದು ಮಗ್ಗುಲಿಗೆ ಪೂರಿಯ ಹಾಗೆ ಉಬ್ಬಿದೆ. ಮೀಟರ್ ಹಿಡಿದೆ. ಒಂದು ಸೆಲ್ 3.61 ವೋಲ್ಟ್, ಇನ್ನೊಂದು 2.68. ಲಿಪೋ ಸೆಲ್ 3ರ ಕೆಳಗೆ ಇಳಿದರೆ ಅದರ ಕಥೆ ಮುಗಿದ ಹಾಗೇ. ಲೈಟುಗಳನ್ನು ಬೇರೆ ಬ್ಯಾಟರಿಗೆ ಹಾಕಿ ನೋಡಿದರೆ ಬಿಳಿಯಲ್ಲಿ ಎರಡು ಆಗಲೇ ನೀಲಿಗೆ ತಿರುಗಿದ್ದವು. ಜಾಸ್ತಿ ಕರೆಂಟ್ ಕುಡಿದು ಬೆಂದ ಎಲ್‌ಇಡಿಯ ಬಣ್ಣ ಅದು.

ಬ್ಲೇಡ್ ತಗೊಂಡು ಸ್ಲೀವ್ ಸೀಳಿದೆ. ಒಳಗೆ ರೆಸಿಸ್ಟರ್ ಇಲ್ಲ. ವಯರಿಗೆ ವಯರು ಹೊಸೆದು, ಅದರ ಮೇಲೆ ಇನ್ಸುಲೇಷನ್ ಟೇಪನ್ನು ಬಿಗಿಯಾಗಿ ಸುತ್ತಿದ್ದ. ಉಬ್ಬು ಬರಲಿ ಅಂತ! ಎರಡನೆಯದು ಸೀಳಿದೆ, ಟೇಪ್. ಮೂರನೆಯದು, ಟೇಪ್. ನಾಲ್ಕನೆಯದು ಸೀಳೋ ಹೊತ್ತಿಗೆ ಕೈ ನಡುಗುತ್ತಿತ್ತು. ಅದರಲ್ಲೂ ಟೇಪೇ. ಬೆಸುಗೆ ಹಾಕೋಕೂ ಸೋಮಾರಿತನ, ಆದರೆ ಟೇಪ್ ಸುತ್ತೋಕೆ ಎಷ್ಟು ಶ್ರದ್ಧೆ ನೋಡಿ. ಇಪ್ಪತ್ತೈದು ಪೈಸೆಯೋ ಐವತ್ತು ಪೈಸೆಯೋ ಬೀಳುವ ರೆಸಿಸ್ಟರಿಗೆ ಬದಲಾಗಿ ಅಷ್ಟು ಕೆಲಸ.

ಫೋಟೋ ಕಳಿಸಿದೆ. ಈಗ ಅವನ ಉತ್ತರಗಳನ್ನು ಕೇಳಿ. “ನಿಮ್ಮ ಬ್ಯಾಟರಿ ಹಳೇದು ಬ್ರೋ.” ಗಮನಿಸಿ, ದುಡ್ಡು ಕೈಗೆ ಬರೋವರೆಗೂ ಸಾರ್, ಆಮೇಲೆ ಬ್ರೋ. “ಒಂದೇ ಸೆಲ್ ಅಲ್ವಾ, ರೆಸಿಸ್ಟರ್ ಹಾಕಿದ್ರೆ ಡಿಮ್ ಆಗತ್ತೆ ಬ್ರೋ.” ಮತ್ತೆ ಇದೆ ಅಂತ ಯಾಕೆ ಹೇಳಿದೆ ಅಂದೆ. ಒಂದು ದಿನ ಸದ್ದಿಲ್ಲ. ಆಮೇಲೆ ಬಂತು: “ಸ್ಲೀವ್ ಕಟ್ ಮಾಡಿದೀರ, ವಾರಂಟಿ ಹೋಯ್ತು ಗುರು.” ಒಳಗೇನೂ ಇಲ್ಲ ಅಂತ ಗೊತ್ತಾಗಬೇಕಾದರೆ ಸ್ಲೀವ್ ಕಟ್ ಮಾಡಬೇಕು, ಕಟ್ ಮಾಡಿದರೆ ವಾರಂಟಿ ಇಲ್ಲ. ಇದಕ್ಕೆ ಏನು ಹೇಳೋದು? ಅರ್ಧ ದುಡ್ಡಾದರೂ ವಾಪಸ್ ಕೊಡಪ್ಪ ಅಂದೆ. ಎರಡು ನೀಲಿ ಟಿಕ್ ಬಂತು, ಅಷ್ಟೇ.

ತಗೊಳ್ಳಲೇಬೇಕು ಅಂದರೆ ಸ್ಲೀವ್ ಹಾಕುವ ಮುಂಚಿನ ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಇಲ್ಲ, ನೀವೇ ಮಾಡಿಕೊಳ್ಳಿ, ಅರ್ಧ ಗಂಟೆ ಕೆಲಸ. ರಿಸೀವರಿನಲ್ಲಿ ಐದಾರು ವೋಲ್ಟ್ ಸಿಗುತ್ತದೆ. ಬಿಳಿ ಎಲ್‌ಇಡಿಗೆ ಬೇಕಾಗೋದು ಸುಮಾರು 3.2 ವೋಲ್ಟ್, 20 ಮಿಲಿಆಂಪ್. 150 ಓಮ್ ರೆಸಿಸ್ಟರ್ ಹಾಕಿ, ಕಂದು-ಹಸಿರು-ಕಂದು ಪಟ್ಟಿ. ಕೆಂಪು ಎಲ್‌ಇಡಿಗೆ 220 ಓಮ್, ಕೆಂಪು-ಕೆಂಪು-ಕಂದು. ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ರೆಸಿಸ್ಟರ್. ಉದ್ದನೆ ಕಾಲು ಪ್ಲಸ್. ಡಿಪ್ಲೊಮಾ ಮೊದಲ ವರ್ಷದಲ್ಲೇ ನನಗೆ ಇದನ್ನು ಕಲಿಸಿದ್ದರು, ಅದೇ ಹೊಟ್ಟೆ ಉರಿಯೋದು.

ಉಬ್ಬಿದ ಬ್ಯಾಟರಿ ಬಾಲ್ಕನಿಯಲ್ಲಿ ಮರಳಿನ ಬಕೆಟ್‌ನಲ್ಲಿ ಕೂತಿದೆ. ನಿನ್ನೆ ಅದೇ ಹುಡುಗನಿಂದ ಮೆಸೇಜ್ ಬಂತು. ದುಡ್ಡಿನ ವಿಷಯವೇನೋ ಅಂತ ತೆರೆದೆ. ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ನನ್ನ ನಂಬರ್ ತೆಗೆಯೋಕೆ ಮರೆತಿರಬೇಕು. “ಹೊಸ ಕಿಟ್ ರೆಡಿ ಇದೆ ಸಾರ್, ಇಂಡಿಕೇಟರ್ ಸಮೇತ.”