ಡಿಸಿ: ಹನ್ನೊಂದು ಅಕ್ಷರಕ್ಕೆ ಮುಗಿಯದ ಎಣಿಕೆ

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಭಾರಿ ದೊಡ್ಡ ಸಂಖ್ಯೆ ಬೇಕಾದರೆ ಬಿಗ್‌ಇಂಟೀಜರ್ ಕ್ಲಾಸಿನ ಕಾಲು ಹಿಡಿಯಬೇಕು. ಇಂಗ್ಲಿಷಿನಲ್ಲಿ ಆ ಹೆಸರೇ 10 ಅಕ್ಷರ. ಸೊನ್ನೆಯಿಂದ ಶುರು ಮಾಡಿ ಒಂದೊಂದೇ ಎಣಿಸುತ್ತಾ ಹೋಗುವ ಇಡೀ ಪ್ರೋಗ್ರಾಂ ಡಿಸಿ (dc) ಎಂಬ ಕ್ಯಾಲ್ಕ್ಯುಲೇಟರ್ ಪ್ರೋಗ್ರಾಮಿನ ಭಾಷೆಯಲ್ಲಿ 11 ಅಕ್ಷರ. ಹಗಲೆಲ್ಲ ಆಫೀಸಿನಲ್ಲಿ ಜಾವಾ ಬರೆಯುವ ನನಗೆ ಸಂಜೆ ಕೋಡ್ ಗಾಲ್ಫ್, ಅಂದರೆ ಆದಷ್ಟು ಕಡಿಮೆ ಅಕ್ಷರದಲ್ಲಿ ಪ್ರೋಗ್ರಾಂ ಬರೆಯುವ ಆಟ, ಆಡಲು ಇಷ್ಟು ಸಾಕು.

ಡಿಸಿ ಅಂದರೆ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಹಳೇ ಕ್ಯಾಲ್ಕ್ಯುಲೇಟರ್. ಬೆಲ್ ಲ್ಯಾಬ್ಸಿನಲ್ಲಿ ಹುಟ್ಟಿದ್ದು, ಸಿ ಭಾಷೆಗಿಂತಲೂ ಹಿರಿಯದು. ಮೊದಲು ಸಂಖ್ಯೆ, ಆಮೇಲೆ ಕೂಡು-ಕಳೆ ಚಿಹ್ನೆ. ಸಂಖ್ಯೆ ಎಷ್ಟು ಉದ್ದವಾದರೂ ಬೇರೆ ಏನೂ ಹೇಳಬೇಕಿಲ್ಲ.

ಆ 11 ಅಕ್ಷರ ಹೇಗೆ? [zplax]dsax, ಆವರಣದ ಎರಡು ಚಿಹ್ನೆಯೂ ಸೇರಿ. ಚೌಕ ಆವರಣದೊಳಗೆ ಝಡ್, ಪಿ, ಎಲ್, ಎ, ಎಕ್ಸ್. ಹೊರಗೆ ಡಿ, ಎಸ್, ಎ, ಎಕ್ಸ್. ಎಲ್ಲವೂ ಸಣ್ಣಕ್ಷರ. ಸ್ಟ್ಯಾಕಿನಲ್ಲಿ, ಅಂದರೆ ಡಿಸಿ ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗದಲ್ಲಿ, ಎಷ್ಟು ಐಟಂ ಇವೆ ಅಂತ ಝಡ್ ಎಣಿಸಿ, ಆ ಸಂಖ್ಯೆಯನ್ನೂ ಅಲ್ಲೇ ಇಡುತ್ತದೆ. ಪಿ ಅದನ್ನು ತೋರಿಸುತ್ತದೆ, ಆದರೆ ತೆಗೆಯುವುದಿಲ್ಲ. ಹಾಗಾಗಿ ಮುಂದಿನ ಸುತ್ತಿಗೆ ಎಣಿಕೆ ತಾನಾಗೇ ಒಂದು ಹೆಚ್ಚಾಗಿರುತ್ತದೆ! ಕೂಡುವ ಚಿಹ್ನೆಯೇ ಇಲ್ಲ, ನೋಡಿ. ಉಳಿದ ಅಕ್ಷರಗಳೆಲ್ಲ ಲೂಪ್ ತಿರುಗಿಸಲು, ಅಂದರೆ ಅದೇ ಕೆಲಸ ಮತ್ತೆ ಮತ್ತೆ ಮಾಡಿಸಲು.

ಆದರೂ ನಾನು ಬಳಸುವುದು 13 ಅಕ್ಷರದ್ದನ್ನು. ಮೇಲಿನದರಲ್ಲಿ ಎಣಿಸಿದ ಸಂಖ್ಯೆಗಳೆಲ್ಲ ಸ್ಟ್ಯಾಕಿನಲ್ಲೇ ಬಿದ್ದಿರುತ್ತವೆ, ಮೆಮೊರಿ ತಿನ್ನುತ್ತಲೇ ಹೋಗುತ್ತದೆ. ಮೊದಲು ಸೊನ್ನೆ ಹಾಕಿ, ಝಡ್ ಬದಲು ಒಂದು ಕೂಡಿದರೆ ಒಂದೇ ಸಂಖ್ಯೆ ಸಾಕು. ಇನ್ನೊಂದು ಲಾಭವೂ ಇದೆ: ಆ ಸೊನ್ನೆಯ ಜಾಗದಲ್ಲಿ ಎಲ್ಲಿಂದ ಬೇಕಾದರೂ ಶುರು ಮಾಡಬಹುದು. 64 ಬಿಟ್‌ನ ಗಡಿ, ಅಂದರೆ 64 ಸೊನ್ನೆ-ಒಂದುಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ, ದಾಟುವುದನ್ನು ನೋಡಬೇಕಾದರೆ ಇದು ಬೇಕೇ ಬೇಕು. ಸೊನ್ನೆಯಿಂದ ಹೊರಟರೆ ಸೆಕೆಂಡಿಗೆ ಒಂದು ಕೋಟಿ ಎಣಿಸಿದರೂ 58 ಸಾವಿರ ವರ್ಷ ಕಾಯಬೇಕು, ಅಷ್ಟು ಪುರುಸೊತ್ತು ಯಾರಿಗಿದೆ? ಆ ಗಡಿಯನ್ನೇ, 18446744073709551615, ಕೊಟ್ಟೆ. ಕೊನೆಯ ಮೂರು ಅಂಕಿ 616, 617 ಅಂತ ಆರಾಮಾಗಿ ಮುಂದೆ ಹೋಯಿತು. ಸಿ ಭಾಷೆಯ 64 ಬಿಟ್ ಅನ್‌ಸೈನ್ಡ್ (ಋಣ ಇಲ್ಲದ) ಸಂಖ್ಯೆ ಇಲ್ಲಿ ಮತ್ತೆ ಸೊನ್ನೆಗೆ ಬೀಳುತ್ತದೆ. ಜಾವಾಸ್ಕ್ರಿಪ್ಟಿನ ಮಾಮೂಲಿ ಸಂಖ್ಯೆಯಂತೂ 9007199254740992ಕ್ಕೇ ಕಚ್ಚಿಕೊಂಡು ನಿಲ್ಲುತ್ತದೆ. ಒಂದು ಕೂಡಿದರೂ ಅಷ್ಟೇ.

ಪೈಥಾನ್ 3 ಕೂಡ ದೊಡ್ಡ ಸಂಖ್ಯೆಗೆ ಹೆದರುವುದಿಲ್ಲ, ಆದರೆ ನನ್ನ ಕೈಯಲ್ಲಿ 25 ಅಕ್ಷರಕ್ಕಿಂತ ಕೆಳಗೆ ಇಳಿಯಲಿಲ್ಲ. ಹೊಸ ವಾಲ್ರಸ್ ಚಿಹ್ನೆ (:=) ಹಾಕಿದರೂ ಅಷ್ಟೇ ಬಂತು. ಪೈಥಾನ್ 2ರಲ್ಲಿ ಪ್ರಿಂಟ್‌ಗೆ ಆವರಣ ಬೇಡ, ಅಲ್ವಾ? ಅಲ್ಲಿ ಒಂದಕ್ಷರ ಉಳಿಯುತ್ತದೆ.

ದೂರುಗಳೂ ಇವೆ. ತಪ್ಪಾದರೆ ಡಿಸಿ ಸುಮ್ನೆ 'ಸ್ಟ್ಯಾಕ್ ಖಾಲಿ' ಅನ್ನುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಋಣ ಸಂಖ್ಯೆಗೆ ಮೈನಸ್ ಬದಲು ಅಂಡರ್‌ಸ್ಕೋರ್ ಹಾಕಬೇಕು. ಎಲ್ಲಕ್ಕಿಂತ ಕಿರಿಕಿರಿ ಅಂದರೆ ಗ್ನೂ ಡಿಸಿ (ಲಿನಕ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ಡಿಸಿ) ಉದ್ದದ ಸಂಖ್ಯೆಯನ್ನು 70 ಅಕ್ಷರದ ಸಾಲುಗಳಾಗಿ ಮುರಿದು, ತುದಿಗೆ ಬ್ಯಾಕ್‌ಸ್ಲ್ಯಾಷ್ ಅಂಟಿಸುತ್ತದೆ. ಎರಡರ ಸಾವಿರನೇ ಘಾತಕ್ಕೆ 302 ಅಂಕಿ. ಅದನ್ನು ಕಾಪಿ ಮಾಡಿ ಬೇರೆ ಕಡೆ ಹಾಕಲು ಹೋದರೆ ತಲೆ ಕೆಡುತ್ತದೆ. ಡಿಸಿ ಲೈನ್ ಲೆಂತ್ (DC_LINE_LENGTH) ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ, ಅಂದರೆ ಪ್ರೋಗ್ರಾಂ ಓದಿಕೊಳ್ಳುವ ಸಿಸ್ಟಮ್ ಸೆಟ್ಟಿಂಗ್‌ಗೆ, 0 ಕೊಡಿ, ಎಲ್ಲ ಒಂದೇ ಸಾಲಿನಲ್ಲಿ ಬರುತ್ತದೆ.

ದುಡ್ಡು ಕೊಡಬೇಕಿಲ್ಲ. ಉಬುಂಟುವಿನಲ್ಲಿ ಇಲ್ಲದಿದ್ದರೆ ಆಪ್ಟ್ (apt) ಕಮಾಂಡಿನಿಂದ ಹಾಕಿಕೊಳ್ಳಿ. ನಿಲ್ಲಿಸಲು ಕಂಟ್ರೋಲ್-ಸಿ.